ನಾನು ಬಿಟ್ಟುಬಿಟ್ಟ ಪಾಠ: ನಮ್ಮ ಸೀಮೆಯ ಬಾಣಂತನದ ಇತಿಹಾಸ



ಈ ಲೇಖನವನ್ನು ಬರೆಯಬೇಕೋ ಬೇಡವೋ ಎಂದು ಬಹಳ ದಿನ ಹಿಂದುಮುಂದು ನೋಡಿದೆ. ಸುರಪುರದ ನಾಯಕರನ್ನು ಕುರಿತು, ಶಹಾಪುರದ ಬೆಟ್ಟದಲ್ಲಿ ಮಲಗಿರುವ ಬುದ್ಧನನ್ನು ಕುರಿತು, ಯಾದಗಿರಿಯ ಕೋಟೆಯನ್ನು ಕುರಿತು ಬರೆಯುವುದು ಸುಲಭ, ಓದುವವರಿಗೂ ಹಿತ. ಮುಟ್ಟು, ಬಸಿರು, ಬಾಣಂತನ, ಗರ್ಭಕೋಶದ ಆರೋಗ್ಯ ಇವುಗಳನ್ನು ಕುರಿತು ಎಂಬತ್ತರ ಸಮೀಪದಲ್ಲಿರುವ ಮಾಸ್ತರನೊಬ್ಬ ಬರೆಯಲು ಕುಳಿತರೆ "ಇವರಿಗೇಕೆ ಈ ಉಸಾಬರಿ?" ಎಂದು ಕೆಲವರಿಗಾದರೂ ಅನ್ನಿಸೀತು. ಆದರೂ ಬರೆಯುತ್ತಿದ್ದೇನೆ. ನನ್ನ ಮೇಲೊಂದು ಸಾಲ ಉಳಿದಿದೆ.

ನನ್ನ ಬಳಿ ವಿಜ್ಞಾನ ಕಲಿತವರಿಗೆ ನೆನಪಿರಬಹುದು. ಸಂತಾನೋತ್ಪತ್ತಿಯ ಅಧ್ಯಾಯ ಬಂದಾಗ ಹೂವಿನ ಪರಾಗಸ್ಪರ್ಶದವರೆಗೆ ಬಣ್ಣದ ಸೀಮೆಸುಣ್ಣದಿಂದ ಚಿತ್ರ ಬರೆದು ಉತ್ಸಾಹದಿಂದ ವಿವರಿಸುತ್ತಿದ್ದೆ. ಮನುಷ್ಯರ ಭಾಗ ಬಂದೊಡನೆ "ಇದನ್ನು ಮನೆಯಲ್ಲಿ ಓದಿಕೊಳ್ಳಿರಿ" ಎಂದು ಹೇಳಿ ಪುಟ ತಿರುವಿಬಿಡುತ್ತಿದ್ದೆ. ಹುಡುಗರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ಹುಡುಗಿಯರು ತಲೆ ತಗ್ಗಿಸಿ ಕುಳಿತಿರುತ್ತಿದ್ದರು. ಅವರ ಮನೆಗಳಲ್ಲಿ ಅದನ್ನು ಓದಿ ಹೇಳುವವರು ಯಾರೂ ಇಲ್ಲವೆಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮೂವತ್ತು ವರ್ಷ ಹಾಗೆಯೇ ಮಾಡಿದೆ.

ಕೆಲವು ವರ್ಷಗಳ ಹಿಂದೆ ಹಳೆಯ ವಿದ್ಯಾರ್ಥಿನಿಯೊಬ್ಬಳು ಮಗಳ ಮದುವೆಯ ಕರೆಯೋಲೆ ಕೊಡಲು ಮನೆಗೆ ಬಂದಳು. ನನ್ನೊಡನೆ ಊರು, ಮಳೆ, ಬೆಳೆ ಎಂದು ಮಾತನಾಡಿದವಳು ಅಡುಗೆಮನೆಯಲ್ಲಿ ನನ್ನ ಹೆಂಡತಿಯ ಮುಂದೆ ಬೇರೆಯೇ ಮಾತು ತೆಗೆದಿದ್ದಾಳೆ. ಇಪ್ಪತ್ತೆಂಟನೆಯ ವಯಸ್ಸಿಗೇ ಅವಳ ಗರ್ಭಚೀಲವನ್ನು ತೆಗೆಸಲಾಗಿತ್ತು. ಬಿಳಿಸೆರಗು, ಕಿಬ್ಬೊಟ್ಟೆಯ ನೋವು ಎಂದು ಒಂದು ಖಾಸಗಿ ದವಾಖಾನೆಗೆ ಹೋದಾಗ "ಹೀಗೇ ಬಿಟ್ಟರೆ ಕ್ಯಾನ್ಸರ್ ಆಗುತ್ತದೆ" ಎಂದು ಹೇಳಿದ್ದರಂತೆ. ಕಿವಿಯ ಬಂಗಾರ ಒತ್ತೆಯಿಟ್ಟು ಶಸ್ತ್ರಕ್ರಿಯೆ ಮಾಡಿಸಿಕೊಂಡಳು. ಅಂದಿನಿಂದ ಸೊಂಟನೋವು, ಮೈಯೆಲ್ಲ ಉರಿ. ಭಾರ ಎತ್ತಲಾಗದು, ಹೊಲದ ಕೆಲಸಕ್ಕೆ ಹೋಗಲಾಗದು. "ಮಕ್ಕಳಾದ ಮ್ಯಾಲ ಅದು ಕೆಲಸಕ್ಕ ಬಾರದ ಚೀಲ ಅಂತ ತಿಳ್ಕೊಂಡಿದ್ದೆ, ಅಮ್ಮಾರೆ" ಎಂದಳಂತೆ. ಆ ರಾತ್ರಿ ಇದನ್ನು ನನಗೆ ಹೇಳಿದ ನನ್ನ ಹೆಂಡತಿ ಕೊನೆಗೆ ಒಂದೇ ಪ್ರಶ್ನೆ ಕೇಳಿದಳು: "ಇದು ನಿಮ್ಮ ಪಾಠದಾಗ ಇರಲಿಲ್ಲೇನ್ರಿ?"

ಇತ್ತು. ನಾನು ಹೇಳಿರಲಿಲ್ಲ.

ಆ ಪಾಠವನ್ನು ಹೇಳುವ ಮುನ್ನ ನಮ್ಮ ಸೀಮೆಯಲ್ಲಿ ಹೆಣ್ಣುಮಕ್ಕಳು ಇಲ್ಲಿಯವರೆಗೆ ಹೇಗೆ ಹೆತ್ತರು, ಹೇಗೆ ಸತ್ತರು, ಹೇಗೆ ಬದುಕಿಕೊಂಡರು ಎಂಬುದನ್ನು ಸ್ವಲ್ಪ ನೋಡೋಣ. ಇತಿಹಾಸದ ಪುಸ್ತಕಗಳಲ್ಲಿ 1842ರಲ್ಲಿ ಮೆಡೋಸ್ ಟೇಲರ್ ಸುರಪುರಕ್ಕೆ ಬಂದದ್ದಿದೆ, 1858ರಲ್ಲಿ ರಾಜಾ ವೆಂಕಟಪ್ಪ ನಾಯಕರು ಬ್ರಿಟಿಷರ ವಿರುದ್ಧ ಎದ್ದು ನಿಂತದ್ದಿದೆ. ಆ ಹೋರಾಟದಲ್ಲಿ ಮಡಿದವರನ್ನು ನಾವು ಗೌರವದಿಂದ ನೆನೆಯುತ್ತೇವೆ. ಅದೇ ಕಾಲದಲ್ಲಿ ಹೆರಿಗೆಯ ಕೋಣೆಗಳಲ್ಲಿ ಮಡಿದವರನ್ನು ಯಾರೂ ಲೆಕ್ಕವಿಡಲಿಲ್ಲ. ಅವರ ಇತಿಹಾಸ ಅಜ್ಜಿಯರ ಬಾಯಲ್ಲಿ ಮಾತ್ರ ಉಳಿದಿದೆ.

ನನ್ನ ಅಜ್ಜಿಯ ಬಾಯಲ್ಲಿ ಉಳಿದದ್ದು ನನ್ನ ಸೋದರತ್ತೆಯ ಕಥೆ. ನಾನು ಹುಟ್ಟುವ ಮೊದಲು, ನಿಜಾಮರ ಕಾಲದಲ್ಲಿ ನಡೆದದ್ದು. ಚೊಚ್ಚಲ ಹೆರಿಗೆಗೆಂದು ಶಹಾಪುರ ತಾಲೂಕಿನ ನಮ್ಮ ಹಳ್ಳಿಗೆ, ಅಂದರೆ ತವರಿಗೆ ಬಂದಿದ್ದಳು. ವಯಸ್ಸು ಹದಿನೈದೋ ಹದಿನಾರೋ. ಶ್ರಾವಣದ ಒಂದು ಸಂಜೆ ಬೇನೆ ಆರಂಭವಾಯಿತು. ಊರ ಸೂಲಗಿತ್ತಿ ಹೊಟ್ಟೆಯ ಮೇಲೆ ಕೈಯಾಡಿಸಿ ನೋಡಿ, "ಕೂಸು ಅಡ್ಡ ಐತಿ, ನನ್ನ ಕೈಲಿ ಆಗೂದಲ್ಲ, ಯಾದಗಿರಿಗೆ ಒಯ್ಯರಿ" ಎಂದು ಆ ರಾತ್ರಿಯೇ ಸ್ಪಷ್ಟವಾಗಿ ಹೇಳಿದ್ದಳು. ಮನೆಯ ಗಂಡಸರು ಒಪ್ಪಲಿಲ್ಲ. "ಗಂಡು ಡಾಕ್ಟರಗ ತೋರಸೂದು ಹ್ಯಾಂಗ?" ಎಂಬ ಚರ್ಚೆಯಲ್ಲಿ ಒಂದು ಹಗಲು, ಒಂದು ರಾತ್ರಿ ಕಳೆಯಿತು. ಕೊನೆಗೆ ಬಂಡಿ ಕಟ್ಟಿ ಭೀಮೆಯ ದಂಡೆಗೆ ಬಂದರೆ ಹೊಳೆ ತುಂಬಿ ಹರಿಯುತ್ತಿತ್ತು. ಹರಗೋಲಿನವನು ನೀರಿಗಿಳಿಯಲು ಸಿದ್ಧನಿರಲಿಲ್ಲ. ಅಲ್ಲಿಯೇ ದಂಡೆಯ ಮೇಲೆ, ಬಂಡಿಯೊಳಗೆ, ತಾಯಿ ಮಗು ಇಬ್ಬರೂ ತೀರಿಕೊಂಡರು. "ಹೊಳಿ ನುಂಗಿತು" ಎಂದು ಮನೆಯವರು ಹೇಳುತ್ತಿದ್ದರು. ಅಜ್ಜಿ ಮಾತ್ರ ಹಾಗೆ ಹೇಳುತ್ತಿರಲಿಲ್ಲ. "ಹೊಳಿಗೆ ಬರೂಕಿಂತ ಮೊದಲ ಒಂದು ದಿನ ಹೋಗಿತ್ತು" ಎನ್ನುತ್ತಿದ್ದಳು.

ನಮ್ಮ ಭೂಗೋಳವನ್ನು ಬಲ್ಲವರಿಗೆ ಇದು ಅರ್ಥವಾಗುತ್ತದೆ. ಸುರಪುರ ಮತ್ತು ಶಹಾಪುರ ಕೃಷ್ಣೆ ಭೀಮೆಗಳ ನಡುವಿನ ನಾಡು. ಯಾದಗಿರಿ ಭೀಮೆಯ ಆಚೆಗಿದೆ. 1871ರಲ್ಲಿ ಮುಂಬಯಿ ಕಡೆಯ ರೈಲುಹಾದಿ ರಾಯಚೂರಿನಲ್ಲಿ ಮದ್ರಾಸಿನ ಹಾದಿಯನ್ನು ಸೇರಿದಾಗ ಯಾದಗಿರಿಗೆ ರೈಲು ಬಂತು. 1874ರಲ್ಲಿ ವಾಡಿಯಿಂದ ಹೈದರಾಬಾದಿಗೂ ಹಾದಿಯಾಯಿತು. ಆದರೆ ರೈಲು ಹೊಳೆಯ ಆಚೆ ದಡದಲ್ಲಿಯೇ ಓಡಿತು. ಶಹಾಪುರ, ಸುರಪುರಗಳ ಹಳ್ಳಿಗಳಿಗೆ ಬಂಡಿಹಾದಿಯೇ ಗತಿ.

ಆ ಹಾದಿಯ ಕೊನೆಯಲ್ಲಿದ್ದ ಹೈದರಾಬಾದು ವೈದ್ಯವಿದ್ಯೆಯಲ್ಲಿ ಹಿಂದುಳಿದ ಊರೇನೂ ಆಗಿರಲಿಲ್ಲ. ಕ್ಲೋರೋಫಾರ್ಮಿನ ಸುರಕ್ಷತೆಯನ್ನು ಪರೀಕ್ಷಿಸಲು 1888 ಮತ್ತು 1889ರಲ್ಲಿ ಎರಡು ಆಯೋಗಗಳು ಕೆಲಸ ಮಾಡಿದ್ದು ಅಲ್ಲಿಯೇ. ಅಲ್ಲಿ ಕಲಿತ ರೂಪಾಬಾಯಿ ಫರ್ದೂನ್‌ಜಿ ಅವರು ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ತಜ್ಞೆಯೆಂದು ಹೆಸರಾದರು. ಪರಪುರುಷರೆದುರು ಬರಲಾರದ ಹೆಣ್ಣುಮಕ್ಕಳಿಗಾಗಿ ಲೇಡಿ ಡಫರಿನ್ ಅವರ ನಿಧಿ 1885ರಲ್ಲಿ ಭಾರತದಲ್ಲಿ ಆರಂಭವಾಗಿತ್ತು. ಹೈದರಾಬಾದಿನ ವಿಕ್ಟೋರಿಯಾ ಜನಾನಾ ಆಸ್ಪತ್ರೆಗೆ 1906ರಲ್ಲಿ ಅಡಿಗಲ್ಲು ಬಿತ್ತು. ಯಾದಗಿರಿಯಲ್ಲಿ ಮೆಥಡಿಸ್ಟ್ ಮಿಷನ್ನಿನ ಹೋಲ್ಸ್ಟನ್ ಆಸ್ಪತ್ರೆಯನ್ನು ನಮ್ಮ ಹಿರಿಯರು ಕೃತಜ್ಞತೆಯಿಂದ ನೆನೆಯುತ್ತಿದ್ದರು. ಹೀಗೆ ವಿದ್ಯೆಯೂ ಇತ್ತು, ವೈದ್ಯರೂ ಇದ್ದರು. ನಮ್ಮ ಹಳ್ಳಿಯ ಬಸುರಿಗೆ ಅವೆರಡೂ ದೂರವಿದ್ದವು. ಪಕ್ಕದ ಮೈಸೂರು ಸಂಸ್ಥಾನವಾದರೋ 1930ರಲ್ಲಿಯೇ ಸರ್ಕಾರದ ವತಿಯಿಂದ ಸಂತಾನ ನಿಯಂತ್ರಣ ಕೇಂದ್ರಗಳನ್ನು ತೆರೆಯಿತು. ಜಗತ್ತಿನಲ್ಲಿ ಸರ್ಕಾರವೊಂದು ಇಂಥ ಕೆಲಸಕ್ಕೆ ಕೈಹಾಕಿದ ಮೊದಲ ನಿದರ್ಶನಗಳಲ್ಲಿ ಅದೂ ಒಂದು. ಅದೇ ಕನ್ನಡ ನುಡಿಯುವ ನಮ್ಮ ತಾಯಂದಿರಿಗೆ ಅದರ ಸುದ್ದಿಯೂ ಮುಟ್ಟಿರಲಾರದು.

ಹೀಗಾಗಿ ಎಲ್ಲ ಭಾರವೂ ಸೂಲಗಿತ್ತಿಯ ಮೇಲೆಯೇ ಬಿತ್ತು. ಅವಳನ್ನು ಇಂದು ಹಗುರವಾಗಿ ಮಾತನಾಡುವುದು ತಪ್ಪು. ಮಗು ಯಾವ ಭಂಗಿಯಲ್ಲಿದೆ ಎಂದು ಕೈಯಿಂದಲೇ ತಿಳಿಯುವ, ಬೇನೆ ತಿನ್ನುತ್ತಿರುವವಳಿಗೆ ಧೈರ್ಯ ಹೇಳುವ, ಕಸ ಬೀಳುವವರೆಗೆ ಕಾದು ಕೂಡುವ, ಹನ್ನೆರಡು ದಿನ ತಾಯಿ ಮಗುವಿಗೆ ಎಣ್ಣೆನೀರು ಹಾಕುವ ಹೆಣ್ಣು ಅವಳು. ಮನೆಯವರು ಬಾಣಂತಿಗೆ ಅಂಟಿನುಂಡಿ, ಅಳವಿಯ ಪಾಯಸ ಮಾಡಿ ಕೊಡುತ್ತಿದ್ದುದೂ ಅವಳ ಮಾತಿನಂತೆಯೇ. ಪಾವಗಡ ತಾಲೂಕಿನ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ದೊರೆತಾಗ ಊರೂರಿನ ಅನಾಮಿಕ ಸೂಲಗಿತ್ತಿಯರೆಲ್ಲರಿಗೂ ಸಂದ ಗೌರವವೆಂದು ನಾನು ಸಂತೋಷಪಟ್ಟೆ.

ಆದರೆ ಅವಳಿಗೆ ತಿಳಿಯದ ಸಂಗತಿಯೂ ಇತ್ತು. ಕಣ್ಣಿಗೆ ಕಾಣದ ಸೋಂಕು ಕೈಯಿಂದ, ಕುಡುಗೋಲಿನಿಂದ, ಹೊಕ್ಕುಳಿಗೆ ಹಚ್ಚುವ ಬೂದಿಯಿಂದ ಒಳಹೊಗುತ್ತದೆ ಎಂಬುದು. ಇದಕ್ಕಾಗಿ ಅವಳನ್ನು ದೂರುವಂತಿಲ್ಲ. 1847ರಲ್ಲಿ ವಿಯೆನ್ನಾ ನಗರದ ದೊಡ್ಡ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯರು, ಹೆರಿಗೆ ಮಾಡಿಸುವ ಮುನ್ನ ಕೈತೊಳೆಯಿರಿ ಎಂದು ಹೇಳಿದಾಗ ಅಲ್ಲಿನ ವೈದ್ಯರಲ್ಲಿ ಬಹುಮಂದಿ ಒಪ್ಪಿರಲಿಲ್ಲ. ನಮ್ಮಲ್ಲಿ ಹುಟ್ಟಿದ ಕೆಲವೇ ದಿನಗಳಲ್ಲಿ ಮೈ ಸೆಟೆದು ಸಾಯುತ್ತಿದ್ದ ಎಳೆಗೂಸುಗಳಿಗೆ ಬಡಿದದ್ದು ಧನುರ್ವಾಯು. ಅದನ್ನು ಗಾಳಿ ಸೋಕಿತೆಂದೂ ದೃಷ್ಟಿ ತಾಕಿತೆಂದೂ ತಿಳಿಯುತ್ತಿದ್ದರು. ಬಸುರಿಗೆ ಹಾಕುವ ಚುಚ್ಚುಮದ್ದು ಮತ್ತು ಶುಚಿಯಾದ ಹೆರಿಗೆ ಇವೆರಡರಿಂದ ಆ ರೋಗ ಹಿಮ್ಮೆಟ್ಟಿತು. ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯು ಭಾರತದಲ್ಲಿ ನಿವಾರಣೆಯಾಯಿತೆಂದು 2015ರಲ್ಲಿ ದೃಢಪಟ್ಟಿತು. ಇಂಥ ಗೆಲುವಿಗೆ ನಾವು ಯಾವ ವಿಜಯೋತ್ಸವವನ್ನೂ ಮಾಡಲಿಲ್ಲ.

1948ರಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. 1956ರಲ್ಲಿ ನಾವು ಕನ್ನಡ ನಾಡನ್ನು ಸೇರಿದೆವು. ಭೋರ್ ಸಮಿತಿ 1946ರಲ್ಲಿ ಸೂಚಿಸಿದ್ದ ಪ್ರಾಥಮಿಕ ಆರೋಗ್ಯ ಕೇಂದ್ರಗಳು ನಿಧಾನವಾಗಿ ನಮ್ಮ ಹೋಬಳಿಗಳಿಗೂ ಬಂದವು. ಅವುಗಳೊಡನೆ ಬಿಳಿ ಸೀರೆಯ ನರ್ಸಮ್ಮನೂ ಬಂದಳು. 1952ರಲ್ಲಿ ಆರಂಭವಾದ ಕುಟುಂಬ ಯೋಜನೆ 1975ರಿಂದ 1977ರ ತುರ್ತುಪರಿಸ್ಥಿತಿಯ ಕಾಲದಲ್ಲಿ ಬಲವಂತದ ರೂಪ ತಾಳಿತು. ಆಗ ಗಂಡಸರಿಗೆ ಹುಟ್ಟಿದ ಭಯ ಇಂದಿಗೂ ಹೋಗಿಲ್ಲ. ಅದರ ಫಲವಾಗಿ ಇಡೀ ಹೊಣೆ ಹೆಂಗಸರ ಮೇಲೆ ಹೊರಳಿತು. ಇಂದು ನಮ್ಮ ರಾಜ್ಯದಲ್ಲಿ ವಿವಾಹಿತ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಮಾಡಿಸಿಕೊಂಡ ಗಂಡಸರು ಎಣಿಕೆಗೆ ಸಿಗುವುದಿಲ್ಲ. ಗಂಡಸರ ಶಸ್ತ್ರಚಿಕಿತ್ಸೆ ಇದಕ್ಕಿಂತ ಸರಳ, ಅದರಿಂದ ಶಕ್ತಿ ಕುಂದುವುದಿಲ್ಲ ಎಂಬುದು ವಿಜ್ಞಾನ ಓದಿದ ನನ್ನ ಶಿಷ್ಯರಿಗಾದರೂ ತಿಳಿದಿರಬೇಕು.

1971ರ ಗರ್ಭಪಾತ ಕಾಯಿದೆಯ ಮಾತನ್ನೂ ಇಲ್ಲಿಯೇ ಹೇಳುತ್ತೇನೆ. ನಾಟಿ ಕಡ್ಡಿ, ಕಷಾಯಗಳಿಂದ ಗುಟ್ಟಾಗಿ ಬಸಿರಿಳಿಸಿಕೊಂಡು ಪ್ರಾಣ ಕಳೆದುಕೊಳ್ಳುತ್ತಿದ್ದ ಹೆಣ್ಣುಮಕ್ಕಳನ್ನು ಉಳಿಸುವುದು ಅದರ ಒಂದು ಮುಖ್ಯ ಉದ್ದೇಶವಾಗಿತ್ತು. ಕಾಯಿದೆ ಹೇಳಿದ ಕಾರಣಗಳಿದ್ದರೆ ನೋಂದಾಯಿತ ವೈದ್ಯರಿಂದ, ಮಾನ್ಯತೆ ಪಡೆದ ಕಡೆ ಇದನ್ನು ಮಾಡಿಸಿಕೊಳ್ಳುವುದು ಅಪರಾಧವಲ್ಲ. 2021ರ ತಿದ್ದುಪಡಿ ಕೆಲವು ಸಂದರ್ಭಗಳಲ್ಲಿ ಅವಧಿಯನ್ನು 24 ವಾರಗಳವರೆಗೆ ವಿಸ್ತರಿಸಿದೆ. ಇದನ್ನು ತಿಳಿಯದ ಎಷ್ಟೋ ಮಂದಿ ಇಂದಿಗೂ ಅಪಾಯದ ದಾರಿ ಹಿಡಿಯುತ್ತಾರೆ.

ತಾಯಂದಿರ ಸಾವನ್ನು ಅಧ್ಯಯನ ಮಾಡಿದ ಥಡ್ಡಿಯಸ್ ಮತ್ತು ಮೇನ್ ಎಂಬ ಇಬ್ಬರು ವಿದುಷಿಯರು 1994ರಲ್ಲಿ ಒಂದು ಪ್ರಸಿದ್ಧ ಲೇಖನವನ್ನು ಪ್ರಕಟಿಸಿದರು. ತಾಯಿ ಸಾಯುವುದು ಮೂರು ವಿಳಂಬಗಳಿಂದ ಎಂದು ಅವರು ತೋರಿಸಿದರು. ಆಸ್ಪತ್ರೆಗೆ ಹೋಗಬೇಕೆಂದು ನಿರ್ಧರಿಸುವಲ್ಲಿ ಆಗುವ ತಡ ಮೊದಲನೆಯದು, ಅಲ್ಲಿಗೆ ತಲಪುವಲ್ಲಿ ಆಗುವ ತಡ ಎರಡನೆಯದು, ತಲಪಿದ ಮೇಲೆ ಸರಿಯಾದ ಚಿಕಿತ್ಸೆ ಸಿಗುವಲ್ಲಿ ಆಗುವ ತಡ ಮೂರನೆಯದು. ಇದನ್ನು ಓದಿದಾಗ ನನಗೆ ಅಜ್ಜಿಯ ಮಾತು ನೆನಪಾಯಿತು. ಅಕ್ಷರ ಬಾರದ ಅವಳು ಮೊದಲನೆಯ ವಿಳಂಬವನ್ನು ತಾನೇ ಗುರುತಿಸಿದ್ದಳು.

ಎರಡನೆಯ ವಿಳಂಬವನ್ನು ನಾವು ಬಹುಮಟ್ಟಿಗೆ ಗೆದ್ದಿದ್ದೇವೆ. 2005ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನದೊಂದಿಗೆ ಊರೂರಿಗೆ ಆಶಾ ಕಾರ್ಯಕರ್ತೆಯರು ಬಂದರು. 2008ರ ನವೆಂಬರ್‌ನಲ್ಲಿ ನಮ್ಮ ರಾಜ್ಯದಲ್ಲಿ 108 ಆಂಬ್ಯುಲೆನ್ಸ್ ಆರಂಭವಾಯಿತು. 2009ರ ಕೊನೆಗೆ ಯಾದಗಿರಿ ಪ್ರತ್ಯೇಕ ಜಿಲ್ಲೆಯಾಯಿತು. 2011ರಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ, ಸಿಸೇರಿಯನ್, ಔಷಧ, ಊಟ, ವಾಹನ ಎಲ್ಲವೂ ಉಚಿತವಾದವು. 2022ರಲ್ಲಿ ಯಾದಗಿರಿಗೆ ಸರ್ಕಾರಿ ವೈದ್ಯಕೀಯ ಕಾಲೇಜೂ ಬಂದಿತು. ಫಲವನ್ನು ಅಂಕಿಗಳಲ್ಲಿ ನೋಡಿರಿ. 1992-93ರ ಸಮೀಕ್ಷೆಯಲ್ಲಿ ಕರ್ನಾಟಕದ ನೂರು ಹೆರಿಗೆಗಳಲ್ಲಿ ಆಸ್ಪತ್ರೆಯಲ್ಲಿ ಆಗುತ್ತಿದ್ದವು ನಲವತ್ತಕ್ಕೂ ಕಡಿಮೆ. 2019-20ರ ಹೊತ್ತಿಗೆ 97. ಒಂದು ಲಕ್ಷ ಜೀವಂತ ಜನನಗಳಿಗೆ ಸಾಯುತ್ತಿದ್ದ ತಾಯಂದಿರ ಸಂಖ್ಯೆ 2001-03ರಲ್ಲಿ 228 ಇದ್ದದ್ದು 2018-20ರಲ್ಲಿ 69ಕ್ಕೆ ಇಳಿಯಿತು. ಅದೇ ಅವಧಿಯಲ್ಲಿ ಕೇರಳದಲ್ಲಿ ಅದು 19. ಆದ್ದರಿಂದ ಇನ್ನೂ ದೂರ ನಡೆಯಬೇಕಾಗಿದೆ.

ಮೂರನೆಯದು ಆಸ್ಪತ್ರೆಯೊಳಗಿನ ಮಾತು. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ, ಅವರಿಗೆ ಏರಿಸಿದ ದ್ರಾವಣದ ಗುಣಮಟ್ಟದ ಬಗ್ಗೆಯೇ ಪ್ರಶ್ನೆ ಎದ್ದಿತು. ಅದಕ್ಕೂ ಮೊದಲು ಕಲಬುರಗಿ ಜಿಲ್ಲೆಯಲ್ಲಿ ನಡೆದದ್ದು ನನ್ನ ವಿದ್ಯಾರ್ಥಿನಿಯ ಕಥೆಯದೇ ದೊಡ್ಡ ರೂಪ. ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳು, ದಲಿತ ಕೂಲಿಕಾರ ಹೆಣ್ಣುಮಕ್ಕಳು ಹೊಟ್ಟೆನೋವು, ಬಿಳಿಸೆರಗು ಎಂದು ಹೋದರೆ ಅವರ ಗರ್ಭಕೋಶವನ್ನೇ ತೆಗೆಯಲಾಗುತ್ತಿದೆ ಎಂಬ ದೂರು ಎದ್ದಿತು. ಸರ್ಕಾರದ ತನಿಖೆಯಾಯಿತು, 2015ರಲ್ಲಿ ಕೆಲವು ಖಾಸಗಿ ಆಸ್ಪತ್ರೆಗಳ ಪರವಾನಗಿ ರದ್ದಾಯಿತು. ಬಿಹಾರ, ರಾಜಸ್ಥಾನ, ಛತ್ತೀಸಗಢಗಳಲ್ಲಿಯೂ ಇಂಥದೇ ದೂರುಗಳಿದ್ದವು. 2023ರ ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆಯನ್ನು ತಡೆಯುವ ಮಾರ್ಗಸೂಚಿಗಳನ್ನು ಎಲ್ಲ ರಾಜ್ಯಗಳೂ ಪಾಲಿಸಬೇಕೆಂದು ಆದೇಶಿಸಿತು. ಅಂದು ಆಸ್ಪತ್ರೆ ದೂರವಿದ್ದುದರಿಂದ ಸತ್ತರು. ಇಂದು ಆಸ್ಪತ್ರೆ ಹತ್ತಿರ ಬಂದಾಗ ಕೇಳಬೇಕಾದ ಪ್ರಶ್ನೆ ಗೊತ್ತಿಲ್ಲದೆ ಕಳೆದುಕೊಂಡರು.

ಆ ಪ್ರಶ್ನೆ ಗೊತ್ತಾಗಬೇಕಿದ್ದುದು ಶಾಲೆಯಲ್ಲಿ. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಮಹಿಳಾ ಸಾಕ್ಷರತೆ ಶೇ. 41ರಷ್ಟು; ಒಟ್ಟು ಸಾಕ್ಷರತೆಯಲ್ಲಿ ರಾಜ್ಯದಲ್ಲಿ ನಮ್ಮದೇ ಕೊನೆಯ ಸ್ಥಾನ. ಶಾಲೆಯ ಮೆಟ್ಟಿಲೇರಿದ ಕೆಲವೇ ಹುಡುಗಿಯರಿಗೂ ನಾನು ಪುಟ ತಿರುವಿ ಮುಂದೆ ಹೋದೆ. ಮೊದಲನೆಯ ವಿಳಂಬದಲ್ಲಿ ನನ್ನ ಅಜ್ಜನ ಪಾಲಿದ್ದಂತೆ ನನ್ನ ಪಾಲೂ ಇದೆ. ಆದ್ದರಿಂದ ಅಂದು ಬಿಟ್ಟ ಪಾಠವನ್ನು ಇಂದು ಹೇಳುತ್ತೇನೆ. ತಾಯಂದಿರಾದ ವಿದ್ಯಾರ್ಥಿನಿಯರೂ, ತಂದೆಯರಾದ ವಿದ್ಯಾರ್ಥಿಗಳೂ ದಯವಿಟ್ಟು ಲಕ್ಷ್ಯಗೊಟ್ಟು ಓದಿರಿ.

ಗರ್ಭಕೋಶವು ಪೇರಲ ಹಣ್ಣನ್ನು ತಲೆಕೆಳಗಾಗಿ ಹಿಡಿದ ಆಕಾರದ, ಮುಷ್ಟಿಯಷ್ಟು ದೊಡ್ಡದಾದ ಸ್ನಾಯುವಿನ ಅಂಗ. ಅದರ ಎರಡೂ ಬದಿಗೆ ಒಂದೊಂದು ಅಂಡಾಶಯವಿದೆ. ತಿಂಗಳಿಗೊಮ್ಮೆ ಸಾಮಾನ್ಯವಾಗಿ ಒಂದು ಅಂಡ ಹೊರಬರುತ್ತದೆ. ಗರ್ಭ ನಿಲ್ಲದಿದ್ದರೆ ಗರ್ಭಕೋಶದ ಒಳಪದರ ಕಳಚಿ ರಕ್ತದೊಡನೆ ಹೊರಬೀಳುತ್ತದೆ. ಅದೇ ಮುಟ್ಟು. ಅದು ಮೈಲಿಗೆಯಲ್ಲ, ಕೆಟ್ಟ ರಕ್ತವೂ ಅಲ್ಲ. ಇಪ್ಪತ್ತೊಂದರಿಂದ ಮೂವತ್ತೈದು ದಿನಗಳ ಅಂತರ, ಎರಡರಿಂದ ಏಳು ದಿನಗಳ ಸ್ರಾವ ಸಹಜ. ಬಟ್ಟೆ ಬಳಸುವವರು ಅದನ್ನು ಸಾಬೂನಿನಿಂದ ತೊಳೆದು, ಮರೆಯಲ್ಲಿ ಮುಚ್ಚಿಡದೆ ಬಿಸಿಲಿಗೆ ಒಣಗಿಸಬೇಕು. ಸ್ರಾವ ಅತಿಯಾದರೆ, ನಡುನಡುವೆ ಅಥವಾ ಸಂಭೋಗದ ನಂತರ ರಕ್ತ ಕಂಡರೆ, ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ಕಂಡರೂ ವೈದ್ಯರನ್ನು ಕಾಣಬೇಕು.

ಸ್ವಲ್ಪ ಬಿಳಿಸೆರಗು ಎಲ್ಲರಿಗೂ ಸಹಜ. ದುರ್ವಾಸನೆ, ತುರಿಕೆ, ಬಣ್ಣ ಬದಲಾವಣೆ ಇದ್ದರೆ ಅದು ಸೋಂಕು. ಬಹುತೇಕ ಔಷಧದಿಂದ ವಾಸಿಯಾಗುತ್ತದೆ, ಕೆಲವೊಮ್ಮೆ ಗಂಡನೂ ಚಿಕಿತ್ಸೆ ಪಡೆಯಬೇಕಾಗುತ್ತದೆ. ಬಿಳಿಸೆರಗೊಂದೇ ಗರ್ಭಕೋಶ ತೆಗೆಯಲು ಕಾರಣವಾಗದು. ಗರ್ಭಕೋಶ ತೆಗೆಯಬೇಕೆಂದು ಯಾರಾದರೂ ಹೇಳಿದರೆ ಕಾರಣ ಕೇಳಿರಿ, ಕಾಗದಪತ್ರ ಪಡೆಯಿರಿ, ಸರ್ಕಾರಿ ಆಸ್ಪತ್ರೆಯಲ್ಲಿ ಇನ್ನೊಬ್ಬ ತಜ್ಞರ ಅಭಿಪ್ರಾಯ ಪಡೆಯಿರಿ. ಜೊತೆಗೆ ಅಂಡಾಶಯವನ್ನೂ ಚಿಕ್ಕ ವಯಸ್ಸಿನಲ್ಲಿ ತೆಗೆದರೆ ಮೂಳೆ ಸವೆಯುತ್ತದೆ, ಹೃದಯದ ಕಾಯಿಲೆಯ ಸಂಭವ ಹೆಚ್ಚುತ್ತದೆ. ಗರ್ಭಕಂಠದ ಕ್ಯಾನ್ಸರಿನ ಭಯವಿದ್ದರೆ ಅದಕ್ಕೆ ಪರೀಕ್ಷೆಯಿದೆ. ಮೂವತ್ತು ದಾಟಿದವರು ಮಾಡಿಸಿಕೊಳ್ಳಬೇಕು. ಒಂಬತ್ತರಿಂದ ಹದಿನಾಲ್ಕು ವರ್ಷದ ಹುಡುಗಿಯರಿಗೆ ಎಚ್‌ಪಿವಿ ಲಸಿಕೆ ಇದೆ.

ಬಸುರಿಯ ಮಾತು. ಹದಿನೆಂಟಕ್ಕೆ ಮುನ್ನ ಮದುವೆಯೇ ಬೇಡ. ಕಾನೂನಿಗಿಂತ ಮೊದಲು ಅವಳ ಮೈಗೆ ಅದು ಅಪಾಯ. ತಿಂಗಳು ತಪ್ಪಿದೊಡನೆ ಹೆಸರು ಬರೆಸಿ ತಾಯಿ ಕಾರ್ಡ್ ಪಡೆಯಿರಿ. ಕಡಿಮೆಯೆಂದರೂ ನಾಲ್ಕು ಬಾರಿ ರಕ್ತ, ರಕ್ತದೊತ್ತಡ ಪರೀಕ್ಷೆಯಾಗಬೇಕು. 2019-20ರ ಸಮೀಕ್ಷೆಯಂತೆ ನಮ್ಮ ರಾಜ್ಯದ ಹೆಂಗಸರಲ್ಲಿ ಶೇ. 48ರಷ್ಟು ಮಂದಿಗೆ ರಕ್ತಹೀನತೆಯಿದೆ. ಬಸುರಿಯ ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆಯಿರಬಾರದು. ಕಬ್ಬಿಣಾಂಶದ ಗುಳಿಗೆಯನ್ನು ಚಹಾದ ಜೊತೆ ನುಂಗಬಾರದು. ನಿಂಬೆಹಣ್ಣಿನ ರಸದೊಡನೆ ಆದರೆ ಮೈಗೆ ಹತ್ತುತ್ತದೆ. ರಕ್ತಸ್ರಾವ, ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮುಖ ಕೈ ಊದುವುದು, ಮಗುವಿನ ಚಲನೆ ಕಡಿಮೆಯಾಗುವುದು, ನೀರು ಒಡೆಯುವುದು, ಇವುಗಳಲ್ಲಿ ಒಂದು ಕಂಡರೂ ಹಿರಿಯರ ಒಪ್ಪಿಗೆಗೆ ಕಾಯದೆ 108ಕ್ಕೆ ಕರೆ ಮಾಡಿರಿ. ಹೆರಿಗೆಯಾದ ಮೇಲೆ ಅತಿ ರಕ್ತಸ್ರಾವದಿಂದ ತಾಯಿ ಕೆಲವೇ ಗಂಟೆಗಳಲ್ಲಿ ಪ್ರಾಣ ಬಿಡಬಹುದು. ಆದ್ದರಿಂದಲೇ ಹೆರಿಗೆ ಆಸ್ಪತ್ರೆಯಲ್ಲಿಯೇ ಆಗಬೇಕು. ಗುಳೆ ಹೋಗುವವರು ತಾಯಿ ಕಾರ್ಡನ್ನು ಜೊತೆಯಲ್ಲಿಯೇ ಒಯ್ಯಬೇಕು.

ಇಷ್ಟೇ ಪಾಠ. ಹೇಳಲು ಒಂದು ಪೀರಿಯಡ್ಡೂ ಬೇಕಾಗಿರಲಿಲ್ಲ.

ಆ ವಿದ್ಯಾರ್ಥಿನಿಯ ಮಗಳ ಮದುವೆಗೆ ನಾವು ಹೋಗಿಬಂದೆವು. ಮುಯ್ಯಿಯ ಜೊತೆಗೆ, ಮೇಲೆ ಬರೆದ ಈ ಕೊನೆಯ ಭಾಗವನ್ನು ನನ್ನ ಕೈಬರಹದಲ್ಲಿ ಬರೆದು ಮದುಮಗಳಿಗೆ ಕೊಡಬೇಕೆಂದಿದ್ದೆ. ಜನರ ನಡುವೆ ಸಂಕೋಚ ಮತ್ತೆ ಅಡ್ಡ ಬಂತು. ನನ್ನ ಹೆಂಡತಿ ಅದನ್ನು ನನ್ನ ಜೇಬಿನಿಂದ ತೆಗೆದುಕೊಂಡು ಹೋಗಿ ಆ ಹುಡುಗಿಯ ಕೈಯಲ್ಲಿಟ್ಟು ಬಂದಳು. ನಿಮ್ಮ ಮನೆಯಲ್ಲಿ ಹತ್ತು ಹನ್ನೆರಡು ವರ್ಷದ ಮಕ್ಕಳಿದ್ದರೆ, ಹೆಣ್ಣಾಗಲಿ ಗಂಡಾಗಲಿ, ಇದನ್ನು ಜೋರಾಗಿ ಓದಿ ಹೇಳಿರಿ. "ಮನೆಯಲ್ಲಿ ಓದಿಕೊಳ್ಳಿರಿ" ಎಂದು ಮತ್ತೊಮ್ಮೆ ಹೇಳುತ್ತಿದ್ದೇನೆ. ಈ ಸಲ ಪುಟ ತಿರುವುವುದಕ್ಕಾಗಿ ಅಲ್ಲ.

ಎಲ್ಲರಿಗೂ ಒಳ್ಳೆಯದಾಗಲಿ.